ಬಿದ್ದ ಮಾಲು

ಬೆಟಗೇರಿ,
ತಾರೀಖು ೨೩ ನವೆಂಬರ್ ೧೯೫೬, ಶುಕ್ರವಾರ

ಪ್ರೀತಿಯ ತಂಗಿ ಗದಿಗೆವ್ವಗೆ ನಿನ್ನ ಅಣ್ಣ ವಿರೂಪಾಕ್ಷಪ್ಪ ಮಾಡುವ ಆಶೀರ್ವಾದಗಳು.

ಮೈಯಲ್ಲಿ ಹುಷಾರಾಗಿದ್ದೀಯಾ? ಸೊಲ್ಲಾಪುರದ ಗಿರಣಿಯಲ್ಲಿ ಅರಳೆಯ ಧೂಳು ಎದೆಗಿಳಿದು ಹೆಣ್ಣುಮಕ್ಕಳಿಗೆ ಕೆಮ್ಮು ಹತ್ತುತ್ತದೆ ಎಂದು ಹುಚ್ಚೀರಪ್ಪ ದಸರೆಗೆ ಊರಿಗೆ ಬಂದಾಗ ಹೇಳಿದ. ನಿನಗೂ ಹತ್ತಿದೆಯೇ ಎಂದು ಕೇಳಿದೆ. ನಮ್ಮ ಮಗ್ಗದ ಕುಣಿಯಲ್ಲಿ ಇಪ್ಪತ್ತು ವರ್ಷ ಕಾಲಿಳಿಸಿ ನೇಯ್ದ ಮನುಷ್ಯ ನನ್ನ ಮುಖ ನೋಡದೆ, "ಕೆಮ್ಮು ಇಲ್ಲದವರು ಅಲ್ಲಿ ಯಾರದಾರ್ರಿ ಸಾಹುಕಾರ್ರ" ಎಂದು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದು ಹೋದ. ಬೆಲ್ಲ, ಮೆಣಸು, ಒಣಶುಂಠಿ ಕೂಡಿಸಿ ಕುಟ್ಟಿ ಉಂಡೆ ಮಾಡಿಟ್ಟುಕೋ. ಅವ್ವ ನಮಗೆ ಚಳಿಗಾಲದಲ್ಲಿ ಕೊಡುತ್ತಿದ್ದಳಲ್ಲ, ಅದೇ. ನೀನು ಮಾತ್ರ ಉಂಡೆಯನ್ನು ದವಡೆಯಲ್ಲಿ ಇಟ್ಟುಕೊಂಡು, ಅವ್ವ ಆಚೆ ಹೋದ ಕೂಡಲೇ ಹಿತ್ತಲ ಬೇವಿನ ಬುಡಕ್ಕೆ ಉಗುಳುತ್ತಿದ್ದೆ. ನೋಡಿದವನು ನಾನೊಬ್ಬನೇ. ಹೇಳಿರಲಿಲ್ಲ.

ಆರು ವರ್ಷಗಳಲ್ಲಿ ನಿನಗೆ ಆರು ಕಾಗದ ಬರೆದಿದ್ದೇನೆ. ಒಂದಕ್ಕೂ ಉತ್ತರ ಬರಲಿಲ್ಲ, ಬರಬೇಕಾದಂಥದ್ದು ಅವುಗಳಲ್ಲಿ ಇರಲೂ ಇಲ್ಲ. ಮಳೆ, ಜೋಳದ ಧಾರಣೆ, ನಿನ್ನ ವೈನಿಯ ಮೊಣಕಾಲು ನೋವು. ಅಸಲು ಮಾತನ್ನು ಒಳಗೆ ಕೂರಿಸಿ, ಹೊರಗೆ ಬರೀ ವಿದೂಷಕನನ್ನು ಕುಣಿಸಿದೆ. ಈ ಏಳನೆಯ ಕಾಗದದಲ್ಲಿ ಆ ಮಾತು ಇದೆ. ನಿನ್ನ ಮದುವೆಯ ಹಸಿರು ಸೀರೆಯ ಮಾತು. ಕಡೆಯತನಕ ಓದು, ತಂಗಿ. ನಡುವೆ ಎದ್ದು ಹೋಗಬೇಡ.

ಮೊದಲು ಅವ್ವನ ಸುದ್ದಿ. ಅವ್ವ ಹೋದ ತಾರು ನಿನಗೆ ಮುಟ್ಟಿತೆಂದು ತಿಳಿಯಿತು. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ. ನವೆಂಬರ್ ಒಂದನೇ ತಾರೀಖು, ರಾಜ್ಯ ಒಂದಾದ ದಿನ. ಗದುಗಿನಿಂದ ಬೆಟಗೇರಿಯವರೆಗೆ ಬೀದಿ ತುಂಬ ತೋರಣ, ಬ್ಯಾಂಡು, ಕಹಳೆ. ಮಿರಜದವರ ಲಕ್ಷ್ಮೇಶ್ವರ, ಸಾಂಗ್ಲಿಯವರ ಶಿರಹಟ್ಟಿ, ನಿಜಾಮನ ಸೀಮೆಗೆ ಬೆನ್ನು ಹಚ್ಚಿ ಕೂತಿದ್ದ ಮುಂಡರಗಿ, ಎಲ್ಲವೂ ಒಂದೇ ಮನೆಯವಾದವು ಎಂದು ಕಟ್ಟೆಕಟ್ಟೆಗೂ ಒಬ್ಬೊಬ್ಬರು ನಿಂತು ಭಾಷಣ ಮಾಡಿದರು. ನನ್ನ ಗಂಟಲಿನ ಖ್ಯಾತಿ ನಿನಗೆ ಗೊತ್ತಲ್ಲ, ನನ್ನನ್ನೂ ಹತ್ತಿಸಿದರು. ನಾನೂ ಗುಡುಗಿದೆ. ಅಗಲಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದಾದೆವು ಎಂದೆ. ಜನ ಚಪ್ಪಾಳೆ ತಟ್ಟಿದರು. ಸೊಲ್ಲಾಪುರ ಗೆರೆಯ ಆಚೆಗೇ ಉಳಿಯಿತೆಂಬುದು ಆ ಚಪ್ಪಾಳೆಯ ನಡುವೆ ನನ್ನ ಎದೆಗೆ ಬಂದು ತಾಗಿತು. ಮನೆಗೆ ಬಂದರೆ ಅವ್ವನಿಗೆ ಉಬ್ಬಸ ಏರಿತ್ತು.

ನಿನ್ನ ವೈನಿಯನ್ನು ನೀರಿಗೆ ಕಳಿಸಿ ನನ್ನನ್ನು ಹತ್ತಿರ ಕರೆದಳು. "ನನ್ನ ಟ್ರಂಕಿನ ತಳದಾಗ ಹಸರ ಸೀರಿ ಐತಿ. ಅದನ್ನ ನನಗ ಉಡಸು. ಯಾವ ಕೆಲಸಕ್ಕಂತ ನಿಮ್ಮಪ್ಪ ಅದಕ್ಕ ಕತ್ತರಿ ಹಾಕಿದ್ನೋ ಆ ಕೆಲಸಕ್ಕ ಹೋಗಲಿ. ನನ್ನ ಕೂಡ ಮಣ್ಣಾಗಲಿ." ಎಂಟು ವರ್ಷ ಆ ಸೀರೆಯ ಬಗ್ಗೆ ಅವ್ವ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳದೆ ಕಾಯ್ದಿಟ್ಟಿದ್ದಳು.

ಅಪ್ಪನ ಕತ್ತರಿಯ ಸಂಗತಿ ನಿನಗೆ ಗೊತ್ತು. ಆದರೂ ಹೇಳುತ್ತೇನೆ. ಕಂಪನಿ ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ಸೂತ್ರಧಾರ ಮೊದಲು ಬಂದು ಹೇಳುತ್ತಿದ್ದನಲ್ಲ, ಅಪ್ಪನ ಎರಡು ಮೊಣಕಾಲ ನಡುವೆ ಕೂತು ನಾವಿಬ್ಬರೂ ಕೇಳುತ್ತಿದ್ದೆವಲ್ಲ, ಹಾಗೆ. ನನ್ನ ತಪ್ಪು ಇರುವುದು ಆ ಸಂಗತಿಯೊಳಗೇ. ದೀಪಾವಳಿಯ ಲಕ್ಷ್ಮೀಪೂಜೆ ಮುಗಿಸಿ ಅಪ್ಪ ಅಂಗಡಿಯ ಮಾಲೆಲ್ಲ ಇಳಿಸಿ ನೋಡುತ್ತಿದ್ದ. ಮೂರು ದೀಪಾವಳಿ ಕಂಡೂ ಗಿರಾಕಿ ಕಾಣದ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಸೆರಗಿನ ತುದಿಯ ಒಂದು ಕುಚ್ಚನ್ನು ಕತ್ತರಿಸಿ, ಮೆಲ್ಲನೆ "ಬಿದ್ದ ಮಾಲು" ಎನ್ನುತ್ತಿದ್ದ. ಆಮೇಲೆ ಅದಕ್ಕೆ ಕೆಳಗಿನ ಹಲಗೆಯೇ ಗತಿ. ಅಲ್ಲಿಂದ ಅದು ಹೊರಗೆ ಹೋಗುವುದು ಸತ್ತವರ ಮೈಗೆ ಮಾತ್ರ. ಸಾವಿನ ಸೀರೆಗೆ ಬಂದವರು ಬಿಚ್ಚಿ ತೋರಿಸೆನ್ನುವುದಿಲ್ಲ, ಬಣ್ಣ ಕೇಳುವುದಿಲ್ಲ, ಚೌಕಾಶಿ ಮಾಡುವುದಿಲ್ಲ. ಮದುಮಗಳಿಗೆ ಅಪ್ಪಿತಪ್ಪಿಯೂ ಹೋಗಬಾರದೆಂದೇ ಆ ಕತ್ತರಿಯ ಗುರುತು. ನಮ್ಮ ಓಣಿಯ ಅಂಗಡಿಗಳಿಗೆಲ್ಲ ಅದು ಗೊತ್ತಿತ್ತು. ಕೆಳಗಿನ ಹಲಗೆ ಪೂರ್ತಿ ಬರಿದಾಗಬಾರದು ಎಂಬುದೂ ಅಪ್ಪನ ಕಟ್ಟಳೆ. ಸಾವು ಹೊತ್ತು ನೋಡಿ ಬರುವುದಿಲ್ಲವಾದ್ದರಿಂದ ಒಂದು ಸೀರೆಯಾದರೂ ಅಲ್ಲಿರಲೇಬೇಕು.

ಆ ಶಬ್ದಕ್ಕೂ ಕಟ್ಟಳೆಯಿತ್ತು. ಗಿರಾಕಿಯ ಎದುರು ಆಡಬಾರದು, ನೇಯ್ದವನ ಎದುರು ಆಡಬಾರದು. ನಾನು ಹತ್ತು ವರ್ಷದವನಿದ್ದಾಗ ಬೆಳ್ಳಟ್ಟಿಯವರ ಗಾಡಿಯ ಕುಂಟೆತ್ತನ್ನು ನೋಡಿ "ಬಿದ್ದ ಮಾಲು" ಎಂದು ನಕ್ಕೆ. ಅಪ್ಪ ಗಾದಿಯಿಂದ ಎದ್ದು ಬಂದು ಕಪಾಳಕ್ಕೆ ಕೊಟ್ಟ. "ಉಸರಾಡೋದಕ್ಕ ಆ ಮಾತು ಹಚ್ಚಬ್ಯಾಡಲೇ. ಅರಿವಿಗಷ್ಟ ಅದು." ಅದೊಂದೇ ಸಲ ಅಪ್ಪ ನನ್ನ ಮೇಲೆ ಕೈಯೆತ್ತಿದ್ದು. ಸಾಲದಾಯಿತು.

ಇನ್ನು ಪರದೆ ಎತ್ತುತ್ತೇನೆ. ಸಾವಿರದ ಒಂಬೈನೂರ ನಲವತ್ತೆಂಟು, ವೈಶಾಖ. ಶಿರಹಟ್ಟಿಯ ಫಕ್ಕೀರಪ್ಪನ ಜೊತೆ ನಿನ್ನ ಮದುವೆ. ಅಪ್ಪ ಆಗಲೇ ತೀರಿಹೋಗಿ ಅಂಗಡಿ ನನ್ನ ಕೈಗೆ ಬಂದಿತ್ತು. ಕಂಟ್ರೋಲಿನ ವರ್ಷಗಳು ಅರಿವೆಯ ಅಂಗಡಿಗಳನ್ನು ಗುಡಿಸಿ ಹಾಕಿದ್ದವು. ನೂಲಿಗೆ ಚೀಟಿ, ಸೀರೆಗೆ ಸಾಲು. ಮೇಲಿನ ಹಲಗೆ, ಕೆಳಗಿನ ಹಲಗೆ ಎನ್ನದೆ ಜನ ಕೈಗೆ ಸಿಕ್ಕದ್ದನ್ನು ಒಯ್ದರು. ಬಿದ್ದ ಮಾಲು ಎಂಬ ಮಾತನ್ನೇ ಓಣಿ ಮರೆತಿತ್ತು. ಹುಚ್ಚೀರಪ್ಪ ನಿನಗೆಂದು ದಾಳಿಂಬೆ ಬಣ್ಣದ ಸೀರೆ ನೇಯ್ದಿದ್ದ, ರೇಶಿಮೆ ಅಂಚು, ಗೇಣು ಸೆರಗು. ಎಲ್ಲಿಂದ ನೂಲು ಕೂಡಿಸಿದನೋ ಅವನಿಗೇ ಗೊತ್ತು. ಮದುವೆಗೆ ಆರು ದಿನ ಇರುವಾಗ ಮುಂಡರಗಿಯ ಹತ್ತಿ ವ್ಯಾಪಾರಸ್ಥನೊಬ್ಬ ಬಂದು ಅದಕ್ಕೆ ಮೂರು ಪಟ್ಟು ದುಡ್ಡು ಇಟ್ಟ. ನಾನು ಮಾರಿದೆ. ತಂಗಿಗೆ ಇನ್ನೊಂದು ಎಲ್ಲಾದರೂ ಸಿಕ್ಕೀತು ಎಂದುಕೊಂಡೆ. ಗದಗ ಸುತ್ತಿದೆ, ಲಕ್ಷ್ಮೇಶ್ವರಕ್ಕೆ ಹೋದೆ. ಎಲ್ಲಿಯೂ ಸಿಗಲಿಲ್ಲ.

ಕೆಳಗಿನ ಹಲಗೆಯಲ್ಲಿ ಅಪ್ಪನ ಕಟ್ಟಳೆಯ ಆ ಒಂದು ಸೀರೆ ಉಳಿದಿತ್ತು. ಹಸಿರು. ಬಣ್ಣದ ಎರಡು ಬಾನಿಯಲ್ಲಿ ಅದ್ದಿದ ನೂಲಾದ್ದರಿಂದ ಅರ್ಧ ಮೈ ಎಳೆಹಸಿರು, ಅರ್ಧ ಕಡುಹಸಿರು. ಅದಕ್ಕೇ ಅದು ಬಿದ್ದದ್ದು. ನೆರಿಗೆಯೊಳಗೆ ಸೇರಿಸಿ ಉಟ್ಟರೆ ಯಾರಿಗೂ ಕಾಣುವುದಿಲ್ಲ. ಕುಚ್ಚು ಕಟ್ಟುವ ರಹಿಮತಬಿಯ ಮನೆಗೆ ಅದನ್ನು ಬಗಲಲ್ಲಿಟ್ಟುಕೊಂಡು ನಾನೇ ಹೋದೆ. ಆಕೆ ಸೆರಗನ್ನು ಬೆಳಕಿಗೆ ಹಿಡಿದು, "ಸಾಹುಕಾರ್ರ, ಇದು ಕತ್ತರಿ ಬಿದ್ದ ಸೀರಿ ಅಲ್ಲೇನ್ರಿ?" ಎಂದಳು. ಕಟ್ಟಿಕೊಡು ಎಂದೆ. "ಯಾರಿಗೆ ಬೇಕಾದ್ರ ಕಟ್ಟತೀನ್ರಿ, ಕೂಸಿನ ಮದಿವಿಗೆ ಬ್ಯಾಡ್ರಿ." ಅವಳ ಗಂಡನ ಔಷಧಕ್ಕೆ ನಾನು ಕೊಟ್ಟಿದ್ದ ದುಡ್ಡನ್ನು ನೆನಪಿಸಿದೆ. ಅವಳು ಕಟ್ಟಿಕೊಟ್ಟಳು. ಹಳೆಯ ಕುಚ್ಚುಗಳ ನಡುವೆ ಆ ಒಂದು ಕುಚ್ಚಿನ ದಾರ ಹೊಸದಾಗಿ ಮಿಂಚುತ್ತಿತ್ತು. ಮರುದಿನ ಯಳವತ್ತಿಯಿಂದ ಒಬ್ಬ ಒಕ್ಕಲಿಗ ತೀರಿಹೋದ ಹೆಂಡತಿಗೆ ಸೀರೆ ಬೇಡಿ ಬಂದ. ಕೆಳಗಿನ ಹಲಗೆ ಬರಿದಾಗಿತ್ತು. ಅವನು ಹಲಗೆಯನ್ನೇ ಸ್ವಲ್ಪ ಹೊತ್ತು ನೋಡಿ ಬರಿಗೈಯಲ್ಲಿ ಹೋದ.

ನೀನು ಆ ಸೀರೆ ಉಟ್ಟು ಧಾರೆಗೆ ನಿಂತೆ. ಹುಚ್ಚೀರಪ್ಪ ಹಂದರದ ಮೂಲೆಯಿಂದ ನೋಡಿ, ಊಟಕ್ಕೆ ಕೂರದೆ ಹೋದ.

ಶ್ರಾವಣದಲ್ಲಿ ಫಕ್ಕೀರಪ್ಪ ತೀರಿಹೋದ. ನಿಜಾಮನ ಸೀಮೆಯಿಂದ ಜನ ಜೀವ ಕೈಯಲ್ಲಿ ಹಿಡಿದುಕೊಂಡು ಹೊಳೆ ದಾಟಿ ಮುಂಡರಗಿಗೆ ಬರುತ್ತಿದ್ದ ದಿನಗಳು. ಅವನ ಸೋದರಮಾವನ ಮನೆಯವರು ಆಚೆ ದಡದಲ್ಲಿದ್ದರು. ಕರೆತರಲು ಹೋದವನ ಹರಿಗೋಲು ತುಂಬಿದ ತುಂಗಭದ್ರೆಯಲ್ಲಿ ಮಗುಚಿತು. ಸೀರೆಗೂ ಹೊಳೆಗೂ ಏನು ಸಂಬಂಧ, ತಂಗಿ? ಏನೂ ಇಲ್ಲ. ಅದು ನನಗೂ ಗೊತ್ತು, ನಿನಗೂ ಗೊತ್ತು. ನಿನ್ನ ಅತ್ತೆ ಗುರುಸಿದ್ದವ್ವನಿಗೆ ಮಾತ್ರ ಹಾಗನ್ನಿಸಲಿಲ್ಲ. ಅವಳೂ ಅರಿವೆಯ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು. ನಿನ್ನ ಟ್ರಂಕು ತೆರೆದಾಗ ಆ ಹೊಸ ದಾರದ ಕುಚ್ಚು ಅವಳ ಕಣ್ಣಿಗೆ ಬಿತ್ತು.

ಸಂತೆಯ ದಿನ, ಹಾಡಹಗಲು, ನಿನ್ನನ್ನು ಕರೆತಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿದಳು. ಸೀರೆಯನ್ನು ನನ್ನ ಮುಂದೆ ಹರವಿದಳು. "ವಿರೂಪಾಕ್ಷಪ್ಪ, ಇದು ನಿಮ್ಮ ಕೆಳಗಿನ ಹಲಗೀದು. ಹೌದೋ ಅಲ್ಲೋ, ಒಂದ ಮಾತಿನ್ಯಾಗ ಹೇಳು. ನನ್ನ ಮಗನ ಮದಿವ್ಯಾಗ ಸತ್ತವರ ಸೀರಿ ಉಡಿಸಿ ಕಳಿಸಿದವರ್ಯಾರು?" ಓಣಿಗೆ ಓಣಿಯೇ ನಿಂತಿತ್ತು. ಹೌದು ಎಂದರೆ ನಾಳೆಯಿಂದ ಒಬ್ಬ ಮದುಮಗಳೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನಾನು ಎದ್ದು ನಿಂತೆ. ಅಪ್ಪ ಕೂತಿದ್ದ ಗಾದಿಯ ಮೇಲೆ ಒಂದು ಕೈ ಇಟ್ಟೆ, ಇನ್ನೊಂದು ಕೈಯಲ್ಲಿ ಕೊರಳ ಲಿಂಗ ಹಿಡಿದೆ. ಕಂಪನಿ ನಾಟಕದ ರಾಜನಿಗೂ ಅಂಥ ದನಿ ಬಂದಿರಲಿಕ್ಕಿಲ್ಲ. ನಾನು ತಂಗಿಗೆ ಕೊಟ್ಟದ್ದು ಹುಚ್ಚೀರಪ್ಪ ನೇಯ್ದ ದಾಳಿಂಬೆ ಬಣ್ಣದ ಸೀರೆ, ಅದನ್ನು ಅವಳು ಗುಟ್ಟಾಗಿ ಮಾರಿಕೊಂಡು ಕೆಳಗಿನ ಹಲಗೆಯದನ್ನು ಎತ್ತಿ ಉಟ್ಟಿದ್ದಾಳೆ, ಕುಚ್ಚನ್ನೂ ತಾನೇ ಕಟ್ಟಿಕೊಂಡಿದ್ದಾಳೆ ಎಂದೆ. ಸಂತೆಯ ಆ ತುದಿಗೂ ಕೇಳಿಸಿತು.

ನೀನು ನನ್ನನ್ನು ನೋಡಿದೆ. ಅಳಲಿಲ್ಲ, ಅಲ್ಲವೆನ್ನಲಿಲ್ಲ. ಗುರುಸಿದ್ದವ್ವ ನಿನ್ನ ಕೈಬಿಟ್ಟು, "ಬಿದ್ದ ಮಾಲು ನಿಮ್ಮದ, ನೀವ ಇಟ್ಕೋರಿ" ಎಂದು ಇಳಿದು ಹೋದಳು.

ಅಂದಿನಿಂದ ಉಸಿರಾಡುವ ನಿನಗೆ ಆ ಮಾತು ಹತ್ತಿತು. ನೀರಿನ ಕಟ್ಟೆಯಲ್ಲಿ ಹೆಂಗಸರು, "ಬಂತ್ನೋಡ ಬಿದ್ದ ಮಾಲು, ಕೊಡ ಸರಸ್ಕೋರಿ" ಎನ್ನುತ್ತಿದ್ದರು. ನಿನ್ನ ವೈನಿ ಒಲೆಯ ಮುಂದೆ, "ಬಿದ್ದ ಮಾಲಿಗೂ ನಾಕು ರೊಟ್ಟಿ ಬಡೀಬೇಕು ನನ್ನ ಹಣೇಬರಾ" ಎಂದದ್ದು ನನಗೂ ಕೇಳಿಸಿತ್ತು. ನಾನು ಸೊಂಟಕ್ಕೆ ಕೀಲಿಕೈ ಸಿಕ್ಕಿಸಿಕೊಂಡು ಅಂಗಡಿಗೆ ಹೊರಟೆ. ಎರಡು ವರ್ಷ ಹೀಗೇ ಕಳೆದವು. ಆಮೇಲೆ ಕಣಗಿನಹಾಳದಿಂದ ಒಬ್ಬ ಬಂದ, ನೆನಪಿದೆಯಾ? ಹೆಂಡತಿ ಸತ್ತವನು, ಒಳ್ಳೆಯ ಮನುಷ್ಯ, ನಾಲ್ಕು ಎಕರೆ ಎರೆಭೂಮಿ. ಗಂಡ ಸತ್ತವಳಾದರೇನು, ಉಡಿಕೆ ಮದುವೆ ಮಾಡಿಕೊಳ್ಳುತ್ತೇನೆ, ಜನರ ಮಾತು ನನಗೆ ಬೇಡ ಎಂದ. ಇವಳಿಗೆ ಒಂದು ಮನೆ, ಒಬ್ಬ ಗಂಡ, ಕೇಳುವ ಒಂದು ಕಿವಿ ಸಿಕ್ಕರೆ ಎಲ್ಲವನ್ನೂ ಹೇಳಿಬಿಡುತ್ತಾಳೆ ಎಂದು ಹೆದರಿದೆ. "ಅದು ಬಿದ್ದ ಮಾಲು, ಮಾರಾಯಾ. ನಿಮಗ್ಯಾಕ ಅದು" ಎಂದೆ. ಅವನು ಮೇಲೆದ್ದು ನಮಸ್ಕಾರವನ್ನೂ ಹೇಳದೆ ಹೋದ. ತಿರುಗಿದರೆ ನಡುಮನೆಯ ಬಾಗಿಲಲ್ಲಿ ನೀನು ಚಹಾದ ಬಟ್ಟಲು ಹಿಡಿದು ನಿಂತಿದ್ದೆ. ಬಟ್ಟಲನ್ನು ನನ್ನ ಮುಂದೆ ಇಟ್ಟೆ. ಅದು ಚೆಲ್ಲಲೂ ಇಲ್ಲ. ಮರುದಿನ ಹುಚ್ಚೀರಪ್ಪನ ಮನೆಯವರು ಸೊಲ್ಲಾಪುರದ ಗಾಡಿ ಹತ್ತುವಾಗ ಅವರ ಜೊತೆ ನೀನೂ ಹತ್ತಿದೆ.

ಈಗ ಅವ್ವನ ಕಡೆಯ ಮಾತಿಗೆ ಮತ್ತೆ ಬರುತ್ತೇನೆ. ಮರುದಿನ, ದೀಪಾವಳಿಯ ಅಮಾವಾಸ್ಯೆಯಂದು, ಅವ್ವ ಹೋದಳು. ಟ್ರಂಕು ತೆರೆದೆ. ಸೀರೆ ಇತ್ತು, ಬೇವಿನೆಲೆಯ ನಡುವೆ, ನುಸಿ ಕೂಡ ಹತ್ತಿರಲಿಲ್ಲ. ಕೈಗೆ ತೆಗೆದುಕೊಂಡೆ. ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ, ಓಣಿಯ ಉದ್ದಕ್ಕೂ ಅವ್ವನನ್ನು ಹೆಗಲ ಮೇಲೆ ಒಯ್ಯಬೇಕು. ಎರಡು ಹಸಿರಿನ ಆ ಸೀರೆಯನ್ನು ಎಲ್ಲರೂ ಗುರುತು ಹಿಡಿಯುತ್ತಾರೆ. ಈಕೆ ಇದನ್ನೇಕೆ ಕೇಳಿ ಉಟ್ಟಳು ಎನ್ನುತ್ತಾರೆ. ಮತ್ತೆ ಪ್ರಶ್ನೆ, ಮತ್ತೆ ಕಟ್ಟೆ. ಗಂಡ ಸತ್ತವಳಿಗೆ ಹಸಿರು ಉಡಿಸಿದರೆ ಜನ ಏನೆಂದಾರು ಎಂದು ನಿನ್ನ ವೈನಿಗೆ ಹೇಳಿ ಸೀರೆಯನ್ನು ಮತ್ತೆ ಟ್ರಂಕಿಗೆ ಹಾಕಿದೆ. ಬಿಳಿಯದನ್ನು ಉಡಿಸಿದೆವು. ಗಿರಣಿಯ ಸೀರೆ, ಸೊಲ್ಲಾಪುರದ್ದು. ನೀನು ಕೆಲಸ ಮಾಡುವ ಗಿರಣಿಯದೇ ಇರಬಹುದು. ನಮ್ಮ ಮಗ್ಗದ ಸೀರೆ ಈಗ ಯಾರಿಗೂ ಬೇಡ. ಮೇಲಿನ ಹಲಗೆ ತುಂಬ ಬಿದ್ದ ಮಾಲೇ, ಕತ್ತರಿ ಹಾಕುತ್ತ ಕೂತರೆ ಬೆರಳು ಸವೆದಾವು. ಮದುವೆಯ ಹಂಗಾಮಿನಲ್ಲಿ ನಾಲ್ಕು ಮಂದಿ ಅಪ್ಪನ ಹೆಸರು ನೆನೆದು ಬರುತ್ತಾರೆ, ಅಷ್ಟೇ ನಮ್ಮ ಜೀವನ.

ಇದಿಷ್ಟು ಹೇಳಿದೆ. ಕ್ಷಮಿಸೆಂದು ಕೇಳುವುದಿಲ್ಲ. ನಿನಗೆ ಗೊತ್ತಿರದಿದ್ದದ್ದು ಒಂದೇ, ಆ ಸೀರೆಗೆ ಕತ್ತರಿ ಬಿದ್ದಿತ್ತೆಂಬುದು ತಿಳಿದೂ ತಿಳಿದೂ ನಾನೇ ಕುಚ್ಚು ಕಟ್ಟಿಸಿ ನಿನ್ನ ಕೈಗಿಟ್ಟೆ ಎಂಬುದು. ನನ್ನ ಕಣ್ತಪ್ಪೋ ಏನೋ ಎಂದು ನೀನು ಇಷ್ಟು ದಿನ ಅಂದುಕೊಂಡಿದ್ದರೆ, ಅಲ್ಲ. ಒಂದು ಮಾತು ನಡೆಸಿಕೊಡು. ಮಗಳು ಕರಿಯವ್ವನನ್ನು ಲಕ್ಷ್ಮೇಶ್ವರಕ್ಕೆ ಕೊಡಬೇಕೆಂದು ಮಾತಾಗಿದೆ. ನೀನು ಹೋಗುವಾಗ ಎಂಟು ವರ್ಷದವಳಿದ್ದಳು, ಈಗ ಸೀರೆ ಉಟ್ಟು ಓಡಾಡುತ್ತಾಳೆ. "ಸೋದರತ್ತಿ ಯಾಕ ಬರಂಗಿಲ್ಲ" ಎಂದು ಕೇಳುತ್ತಾಳೆ. ಗಂಡಿನವರೂ ಕೇಳಿದರು. ಅವಳ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವವರೆಗಾದರೂ ಈ ಕಾಗದದ ಸಂಗತಿ ನಮ್ಮಿಬ್ಬರಲ್ಲೇ ಇರಲಿ. ಆಮೇಲೆ ನೋಡೋಣ. ಆದರೆ ಒಮ್ಮೆ ಬಂದು ಅವ್ವನ ಗದ್ದಿಗೆಗೆ ಒಂದು ಹಿಡಿ ಮಣ್ಣು ಹಾಕಿ ಹೋಗು. ಹುಚ್ಚೀರಪ್ಪನಿಗೆ, ಅವನ ಮನೆಯವರಿಗೆ ನಮಸ್ಕಾರ ಹೇಳು. ದೇವರು ನಿನ್ನ ಎದೆಯ ಕೆಮ್ಮನ್ನಾದರೂ ಇಳಿಸಲಿ.

ಎಂದು ನಿನ್ನ ಒಡಹುಟ್ಟಿದ,
ವಿರೂಪಾಕ್ಷಪ್ಪ

ತಾಜಾಕಲಂ: ಕಾಗದ ಮಡಚುವಷ್ಟರಲ್ಲಿ ರಹಿಮತಬಿ ಕುಚ್ಚು ಕಟ್ಟಿದ ಎರಡು ಸೀರೆ ಕೊಡಲು ಬಂದಳು. ಗದಿಗೆವ್ವಗೆ ಎಲ್ಲ ಬರೆದುಬಿಟ್ಟೆ, ಕತ್ತರಿ ಬಿದ್ದ ಸೀರೆ ಎಂದು ತಿಳಿದೇ ಕೊಟ್ಟೆ ಅಂತ ಬರೆದೆ ಎಂದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು. "ಆಕಿಗೆ ಆವಾಗ ಗೊತ್ತಿತ್ತರಿ ಸಾಹುಕಾರ್ರ. ಅರಿಷಿಣದ ದಿನ ಸೆರಗ ಹಿಡಕೊಂಡು ನನ್ನ ಕಡೆ ಬಂದಿದ್ಲು. 'ರಹಿಮತಕ್ಕಾ, ಇದು ನಿನ್ನ ಕೈಯಾನ ಗಂಟು ಅಲ್ಲೇನು' ಅಂದ್ಲು. ನೀವ ಕಟ್ಟಿಸಿದ್ರಿ ಅಂತ ಹೇಳಿ ನಾ ಅತ್ತಬಿಟ್ಟೆ. ಆಕಿ ಅಳಲಿಲ್ಲರಿ. 'ನನಗ ಗೊತ್ತಾತಂತ ಅಣ್ಣಗ ಹೇಳಬ್ಯಾಡ. ಮದಿವಿ ನಿಂತ್ರ ಅಂವ ತಲಿ ಎತ್ತಾಂಗಿಲ್ಲ. ಒಂದ ದಿನದ ಮಾತು, ಉಟ್ಟು ತಗದ ಇಡತೀನಿ' ಅಂದ್ಲು."

ಹಾಗಾದರೆ ನಾನು ಲಿಂಗ ಹಿಡಿದು ಸುಳ್ಳಾಡುವಾಗ ನೀನು ನನ್ನನ್ನು ನೋಡಿದ್ದು ಬೆರಗಿನಿಂದಲ್ಲ, ನಿಜ ನನ್ನ ಬಾಯಿಂದಲೇ ಬರಲಿ ಎಂದು. ಕಾಯುತ್ತಿದ್ದೆ. ಬಟ್ಟಲು ಇಟ್ಟಾಗಲೂ ಕಾಯುತ್ತಿದ್ದೆ. ಗೊತ್ತಿರುವವಳಿಗೇ ಗೊತ್ತುಮಾಡಲು ಇಷ್ಟು ಹಾಳೆ ಬರೆದೆ. ನಮ್ಮಿಬ್ಬರಲ್ಲೇ ಇರಲಿ ಎಂದು ಮೇಲೆ ಬರೆದ ಸಾಲನ್ನು ಹೊಡೆದು ಹಾಕುವುದಿಲ್ಲ, ನಾನು ಎಂಥವನೆಂದು ನೀನು ಓದಲಿ. ಕರಿಯವ್ವನಿಗೆ ಈಗಷ್ಟೇ ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ಟ್ರಂಕಿನಿಂದ ಸೀರೆ ತಂದು ಕೊಟ್ಟಳು.

ನಾಳೆ ಸಂತೆ. ಈ ಕಾಗದವನ್ನು ಈಗ ಡಬ್ಬಿಗೆ ಹಾಕುವುದಿಲ್ಲ. ನಾಳೆ ಅದೇ ಕಟ್ಟೆಯ ಮೇಲೆ ಸೀರೆ ಹರವಿ, ಜನ ತುಂಬಿರುವಾಗ, ಅದೇ ಗಂಟಲಿನಿಂದ ಹೇಳುತ್ತೇನೆ. ಹೇಳಿ ಮುಗಿದ ಮೇಲೆ ಅಂಚೆಗೆ ಹಾಕುತ್ತೇನೆ. ಗಂಟಲು ಏಳದಿದ್ದರೆ ಇದನ್ನು ಹರಿದು ಒಲೆಗೆ ಹಾಕುತ್ತೇನೆ, ಮತ್ತೆ ನಿನಗೆ ಬರೆಯುವುದಿಲ್ಲ. ಇದು ನಿನ್ನ ಕೈಯಲ್ಲಿದ್ದರೆ, ತಂಗಿ, ಓಣಿ ಕೇಳಿದೆ.

ವಿ.